ಅರೆ ಉಸಿರು

ಗಬ್ಬೂರಿನಿಂದ ಟಂಟಂನಲ್ಲಿ ಬಂದಿಳಿದ ಹತ್ತಿಕಟಿಗಿಗೆ
ಇನ್ನೂ ಒಂದೆರಡು ಕಾಯಿ ಅಂಟಿಕೊಂಡಿದ್ದವು,
ಬಿಚ್ಚಲು ಮರೆತ ಮುಷ್ಟಿಯಂತೆ.
ಒಲೆಗೆ ಹೋಗಬೇಕಾದದ್ದು ತಕ್ಕಡಿಗೆ ಬಂತು.
ಹನ್ನೊಂದು ಕಿಲೊ ಇನ್ನೂರು ಗ್ರಾಂ, ಬರೆದುಕೊಂಡೆ.

ಲಾಲಬಿ, ನಮ್ಮ ಲ್ಯಾಬಿನ ಬಾಟಲಿ ತೊಳೆಯುವವಳು,
ನನಗಿಂತ ಒಂಬತ್ತು ವರ್ಷ ಹಳಬಳು,
ಕಡ್ಡಿ ಮುರಿದು ಮೂಸಿ ಕೇಳಿದಳು:
"ಇದರಾಗ ಸಕ್ರಿ ಅದ ಅಂತೀಯೇನ ಸೂಗಮ್ಮ?
ಮೂವತ್ತು ವರ್ಷ ಇದನ್ನೇ ಉರಿಸಿ ರೊಟ್ಟಿ ಬಡದೀನಿ.
ಹೊಗಿ ಒಂದಿನಾನೂ ಸಿಹಿ ಹತ್ತಲಿಲ್ಲ."

ಪುಡಿ ಮಾಡಿ, ತೆಳು ಆಮ್ಲದಲ್ಲಿ ನೆನೆಸಿ,
ಆಳೆತ್ತರದ ಕುಕ್ಕರಿನಲ್ಲಿ ಬೇಯಿಸಿದೆವು.
ಕಾಕಂಬಿ ಬಣ್ಣದ ನೀರು ಬಂತು, ಮೂಗಿಗೆ ಚುರುಕು.
ಸುಣ್ಣ ಹಾಕಿ ಅದರ ಸಿಟ್ಟು ಇಳಿಸಿದೆವು,
ಇದ್ದಿಲಿನಲ್ಲಿ ಸೋಸಿದೆವು.
ಕಟ್ಟಿಗೆಯ ಕಹಿಯನ್ನು ಕಟ್ಟಿಗೆಯ ಇದ್ದಿಲೇ ಹೀರಬೇಕು.
ಆಮೇಲೆ ಯೀಸ್ಟು, ಮೂವತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ.
ಹೊರಗೆ ನಲವತ್ತಮೂರು.
ರಾಯಚೂರಿನ ಬ್ಯಾಸಿಗಿಯಲ್ಲಿ
ತಂಪಾಗಿ ಮಲಗುವ ಪುಣ್ಯ ಆ ಜೀವಿಗಳಿಗೆ.

ಮೇಡಂ ಹೇಳಿಕೊಟ್ಟ ಪಾಠ ಇಷ್ಟೇ:
ಗಾಳಿ ಧಾರಾಳ ಕೊಟ್ಟರೆ ಎಲ್ಲ ತಾನೇ ತಿಂದು ಕೊಬ್ಬುತ್ತದೆ.
ಪೂರಾ ಕಟ್ಟಿದರೆ ಕೈಚೆಲ್ಲಿ ಕೂರುತ್ತದೆ.
ಅರೆ ಉಸಿರು ಕೊಡು,
ಆಗ ಅರ್ಧಕ್ಕೇ ಊಟ ಬಿಟ್ಟೇಳುತ್ತದೆ.
ಆ ಎಂಜಲಿನ ಹೆಸರು ಝೈಲಿಟಾಲ್.
ಲಾಲಬಿಯ ಬಾಯಲ್ಲಿ ಜೈಲ್ತಾಳ.

ಅರೆ ಅಂದರೆ ಎಷ್ಟು?
ನಾಲ್ಕು ಸಲ ಕೆಟ್ಟಿತು.
ಒಮ್ಮೆ ಬೂಷ್ಟು, ಒಮ್ಮೆ ನನ್ನ ನಿದ್ದೆ,
ಎರಡು ಸಲ ಸುಮ್ಮನೆ, ಕಾರಣ ಹೇಳದೆ.

ಐದನೆಯ ಸಲ ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಮಾಳಿಗೆ ಹತ್ತಿದರೆ ಶಕ್ತಿನಗರದ ಚಿಮಣಿಯ
ಕೆಂಪು ದೀಪ ಮಿಣುಕುತ್ತಿತ್ತು.
ಕರೆಂಟು ಹುಟ್ಟುವ ಜಿಲ್ಲೆಯಲ್ಲೇ
ನಮ್ಮ ಫ್ಲಾಸ್ಕು ಕುಲುಕುವ ಯಂತ್ರ ಹೆಣವಾಗಿತ್ತು.
ಜನರೇಟರಿಗೆ ಡೀಸೆಲ್ ಇಲ್ಲ.
ಮಗಳ ಮನೆಯಲ್ಲಿ ಜಾಗವಿಲ್ಲದೆ
ವರಾಂಡದಲ್ಲಿ ಮಲಗಿದ್ದ ಲಾಲಬಿ ಎದ್ದು ಬಂದಳು.
"ಕುಲುಕಬೇಕಲ್ಲ? ಅದಕ್ಯಾಕ ಅಳ್ತಿ?"
ಎರಡು ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು
ಮೂರೂವರೆ ಗಂಟೆ ತೂಗಿದಳು.
ನಡುವೆ ತೂಕಡಿಸಿದಳು, ಎದ್ದಳು, ಮೊಮ್ಮಗನ ಸುನ್ನತಿಯ ಖರ್ಚು ಹೇಳಿದಳು,
ಮತ್ತೆ ತೂಗಿದಳು.

ಎರಡು ದಿನಕ್ಕೆ ಯಂತ್ರ ಕಾಗದ ಉಗುಳಿತು:
ಗೆರೆ ಗುಡ್ಡದಂತೆ ಎದ್ದಿತ್ತು.
ಮೇಡಂ ಎರಡು ಸಲ ಕನ್ನಡಕ ಒರೆಸಿಕೊಂಡರು.
ನಿಮಿಷಕ್ಕೆ ಎಷ್ಟು ಸುತ್ತು, ಆ ಕಾಲಮ್ಮಿಗೆ ಏನು ಬರೆಯಲಿ?
'ಲಾಲಬಿ' ಎಂದು ಬರೆದೆ.
ಅದನ್ನು ಹೊಡೆದುಹಾಕಿ ಮೇಡಂ ಬರೆದರು: 'ಮತ್ತೆ ಮಾಡಿ ನೋಡತಕ್ಕದ್ದು.'

ಹರಳು ಕಟ್ಟಿತು. ಉಪ್ಪಿನಂತೆ ಬಿಳಿ, ಒಟ್ಟು ನಲವತ್ತು ಗ್ರಾಂ.
ಕಿಟಕಿಯ ಇರುವೆ ಬಂದು, ಮೀಸೆ ತಾಗಿಸಿ,
ಹಾದಿ ತಪ್ಪಿದವರಂತೆ ತಿರುಗಿ ಹೋಯಿತು.
"ಒಂದು ಚಮಚ ಕೊಡು," ಅಂದಳು ಲಾಲಬಿ.
"ಅಲಾಯಿಗೆ ಸಕ್ರಿ ಓದಸಬೇಕು.
ಓದಿಸಿದ್ದು ನಾನೂ ಬಾಯಿಗೆ ಹಾಕ್ಕೋಬೇಕಲ್ಲ?
ಸಕ್ರಿ ಬ್ಯಾನಿ ಬಂದು ಆರು ವರ್ಷಾತು,
ನಾನು ಒಯ್ದ ಸಕ್ರಿ ಎಲ್ಲಾರೂ ತಿಂತಾರ, ನನ್ನ ಬಿಟ್ಟು."
ಲ್ಯಾಬಿನದು ತಿನ್ನುವಂತಿಲ್ಲ, ಅಂದೆ.
ಗೋಡೆಗೆ ಅಂಟಿಸಿದ ನಿಯಮ ತೋರಿಸಿದೆ.
ಅವಳಿಗೆ ಓದು ಬಾರದು. ನನಗೆ ಗೊತ್ತಿತ್ತು.

ಮರುದಿನ ಆರು ಗ್ರಾಂ ಕಡಿಮೆ.
'ಸೋಸುವಾಗ ನಷ್ಟ' ಎಂದು ಬರೆದು ಸಹಿ ಹಾಕಿದೆ.

ಅಲಾಯಿ ಹೊಳೆಗೆ ಹೋದ ಮರುದಿನ
ಲಾಲಬಿ ಹಣೆಗೆ ಬೂದಿ ಹಚ್ಚಿಕೊಂಡು ಬಂದು
ಕಾಗದದ ಪುಟ್ಟ ಪೊಟ್ಟಣ ಅಂಗೈಯಲ್ಲಿಟ್ಟಳು.
"ನಾಯಿಗೆ ಇದು ವಿಷ ಅಂದಿದ್ದಿ.
ಕಾಳ್ಯಾ ಬಾಲ ಅಳ್ಳಾಡಿಸಿದ, ಕೊಡಲಿಲ್ಲ.
ಮುಜಾವರ ಕೇಳಿದ, ಎಂಥಾ ಸಕ್ರಿ ಇದು ಅಂತ.
ನಾನು ತೂಗಿದ್ದು ಅಂದೆ."

ನಾಲಗೆಗೆ ಇಟ್ಟೆ.
ತಂಪು ಮೊದಲು ಬಂತು, ಸಿಹಿ ಆಮೇಲೆ.
ಬಹಳ ಹಿಂದೆ ಎಲ್ಲೋ ಒಂದಿಷ್ಟು ಹೊಗೆ.
ಕಟಿಗಿಯದೋ, ಅಲಾಯಿ ಕುಣಿಯದೋ,
ಅವಳ ಸೆರಗಿನದೋ.